ಒಂದೇ ಮೈ, ಮೂರು ಮುಖ

ಅಮೆರಿಕದ ಹಳೆಯ ಮಸಲ್ ಕಾರುಗಳ ಹುಚ್ಚು ಹತ್ತಿಸಿಕೊಂಡವರು ಬಹುಬೇಗ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ‘ಈ ವರ್ಷದ ಗಾಡಿಗೆ ಆ ವರ್ಷದ ಭಾಗ ಕೂರುತ್ತದೆಯೇ?’ ಐವತ್ತು ವರ್ಷ ದಾಟಿದ ಕಾರು. ಮುಂದಿನ ಚಕ್ರದ ಮೇಲಿನ ತಗಡು, ಅಂದರೆ ಫೆಂಡರ್, ತುಕ್ಕು ತಿಂದಿರುತ್ತದೆ. ಅದೇ ವರ್ಷದ್ದು ಹುಡುಕಿದರೂ ಸಿಗುವುದಿಲ್ಲ, ಹಿಂದಿನ ಅಥವಾ ಮುಂದಿನ ವರ್ಷದ್ದು ಗುಜರಿಯಲ್ಲಿ ಕಣ್ಣೆದುರಿಗೇ ಬಿದ್ದಿರುತ್ತದೆ. ಕೊಳ್ಳುವುದೋ ಬಿಡುವುದೋ?

ಇದಕ್ಕೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವವರನ್ನು ನಂಬಬೇಡಿ. ಮೊದಲು ಎರಡು ವಿಷಯ ತಿಳಿದುಕೊಳ್ಳಬೇಕು. ಆ ಭಾಗ ಕಾರಿನ ಮೈಗೆ ಬೋಲ್ಟಿನಿಂದ ಕೂಡಿದೆಯೋ, ವೆಲ್ಡಿಂಗ್‌ನಿಂದಲೋ? ಕಾರ್ಖಾನೆಯವರು ಅದನ್ನು ಆ ವರ್ಷ ಬದಲಿಸಿದ್ದು ಯಾಕೆ? ಈ ಎರಡಕ್ಕೂ ಉತ್ತರ ಸಿಕ್ಕರೆ ಮಿಕ್ಕಿದ್ದನ್ನು ನೀವೇ ಊಹಿಸಬಲ್ಲಿರಿ. ನಾನು ಇಲ್ಲಿ ಉದಾಹರಣೆಗೆ ಒಂದೇ ಕಾರನ್ನು ತೆಗೆದುಕೊಳ್ಳುತ್ತೇನೆ: 1968, 1969 ಮತ್ತು 1970ರ ಡಾಡ್ಜ್ ಚಾರ್ಜರ್. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾರು ನನಗೆ ತೋಚುವುದಿಲ್ಲ. ಮೂರು ವರ್ಷವೂ ಮೈಕಟ್ಟು ಒಂದೇ, ಮುಖ ಮಾತ್ರ ವರ್ಷಕ್ಕೊಂದು.

ಮಸಲ್ ಕಾರು ಅಂದರೆ ಮಧ್ಯಮ ಗಾತ್ರದ, ಎರಡು ಬಾಗಿಲಿನ ಕಾರಿಗೆ ದೊಡ್ಡ ವಿ8 ಎಂಜಿನ್ ಕೂರಿಸಿ, ಸಾಮಾನ್ಯ ಜನರ ಕೈಗೆಟುಕುವ ಬೆಲೆಗೆ ಮಾರಿದ್ದು. 1964ರ ಪಾಂಟಿಯಾಕ್ ಜಿಟಿಓದಿಂದ ಈ ಪರಂಪರೆ ಶುರುವಾಯಿತೆಂದು ಹೆಚ್ಚಿನವರು ಎಣಿಸುತ್ತಾರೆ. ಚಾರ್ಜರ್ ಕ್ರೈಸ್ಲರ್ ಕಂಪನಿಯ ಡಾಡ್ಜ್ ವಿಭಾಗದ ಕಾರು. 1966 ಮತ್ತು 1967ರ ಚಾರ್ಜರ್‌ನ ಆಕಾರವೇ ಬೇರೆ. ಅದರ ಛಾವಣಿ ಇಳಿಜಾರಾಗಿ ಹಿಂದಿನ ತುದಿಯವರೆಗೂ ಹೋಗುತ್ತದೆ. 1968ಕ್ಕೆ ಮೈಯೆಲ್ಲ ಹೊಸದಾಯಿತು. ನಡು ಸಣ್ಣಗಾಗಿ, ಹಿಂದಿನ ಚಕ್ರದ ಮೇಲೆ ಉಬ್ಬಿಕೊಂಡ ಆ ಮೈಯನ್ನು ಮುಂದಿನ ಎರಡು ವರ್ಷವೂ ಉಳಿಸಿಕೊಂಡರು. 1971ಕ್ಕೆ ಮತ್ತೆ ಎಲ್ಲ ಹೊಸದು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ ಕೂಡ 117 ಇಂಚಿನಿಂದ 115ಕ್ಕೆ ಇಳಿಯಿತು. ಹಾಗಾಗಿ 1967ರ ಅಥವಾ 1971ರ ಫೆಂಡರನ್ನು ಯಾರಾದರೂ ‘ಸ್ವಲ್ಪ ಬಡಿದರೆ ಕೂರುತ್ತದೆ’ ಎಂದು ಮಾರಲು ಬಂದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ಅದಲುಬದಲಿನ ಮಾತೆಲ್ಲ ಒಂದೇ ಪೀಳಿಗೆಯೊಳಗಿನದು.

ಒಂದೇ ಪೀಳಿಗೆಯೊಳಗೆ ವರ್ಷ ವರ್ಷ ಬದಲಾವಣೆ ಯಾಕೆ? ಒಂದು ಕಾರಣ ವ್ಯಾಪಾರ. ಪ್ರತಿ ಶರತ್ಕಾಲದಲ್ಲಿ ಹೊಸ ಮಾದರಿ ಅಂಗಡಿಗೆ ಬರಬೇಕು, ಕಳೆದ ವರ್ಷ ಕೊಂಡವನ ನೆರೆಯವನಿಗೆ ಅದು ಹೊಸದಾಗಿ ಕಾಣಬೇಕು. ಆದರೆ ಛಾವಣಿ, ಬಾಗಿಲು, ಹಿಂಬದಿಯ ದೊಡ್ಡ ತಗಡುಗಳನ್ನು ಒತ್ತುವ ಅಚ್ಚುಗಳಿಗೆ ವಿಪರೀತ ಖರ್ಚು. ಗ್ರಿಲ್, ದೀಪ, ಬಂಪರ್, ಹೊಳೆಯುವ ಪಟ್ಟಿ ಇವುಗಳಿಗೆ ಅಷ್ಟಿಲ್ಲ. ಆದ್ದರಿಂದ ಮುಖ ಬದಲಾಗುತ್ತಿತ್ತು, ಮೈ ಉಳಿಯುತ್ತಿತ್ತು. ಇನ್ನೊಂದು ಕಾರಣ ಕಾನೂನು. ಆ ಮೂರು ವರ್ಷಗಳಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳು ಒಂದರ ಹಿಂದೊಂದು ಬಂದವು. 1968ರ ಜನವರಿ 1ರಿಂದ ಪ್ರತಿ ಹೊಸ ಕಾರಿನ ಪಕ್ಕದಲ್ಲಿ, ಮುಂದೊಂದು ಹಿಂದೊಂದು, ದೀಪವಾಗಲಿ ಬೆಳಕಿಗೆ ಹೊಳೆಯುವ ರಿಫ್ಲೆಕ್ಟರ್ ಆಗಲಿ ಇರಲೇಬೇಕು ಎಂದಾಯಿತು. 1969ರ ಜನವರಿಯಿಂದ ಮುಂದಿನ ಸೀಟಿಗೆ ತಲೆಯಾಸರೆ ಕಡ್ಡಾಯ. 1970ಕ್ಕೆ ಪಕ್ಕದಲ್ಲಿ ದೀಪವೂ ಬೇಕು, ರಿಫ್ಲೆಕ್ಟರೂ ಬೇಕು. ಸ್ಟೀರಿಂಗ್‌ಗೆ ಬೀಗವೂ ಬೇಕು. ಅಂಗಳದಲ್ಲಿ ನಿಂತ ಚಾರ್ಜರ್ ಯಾವ ವರ್ಷದ್ದು ಎಂದು ಗುರುತಿಸಲು ನಾವು ನೋಡುವ ಗುರುತುಗಳಲ್ಲಿ ಹಲವು ಈ ನಿಯಮಗಳ ಮಕ್ಕಳು.

ಗುರುತಿಸುವುದು ಹೀಗೆ. 1968ರ ಗ್ರಿಲ್ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಅಖಂಡ. ಹಿಂದೆ ಎಡಬಲಗಳಲ್ಲಿ ಎರಡೆರಡು ಗುಂಡು ದೀಪ, ಪಕ್ಕದಲ್ಲೂ ಪುಟ್ಟ ಗುಂಡು ದೀಪ. ‘ಬುಲಿಟ್’ ಸಿನಿಮಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಏರಿಳಿತದ ರಸ್ತೆಗಳಲ್ಲಿ ಹಾರಿದ ಕಪ್ಪು ಚಾರ್ಜರ್ ಇದೇ. 1969ಕ್ಕೆ ಗ್ರಿಲ್‌ನ ಮಧ್ಯೆ ಒಂದು ಅಡ್ಡಗೋಡೆ ಬಂತು, ಹಿಂದಿನ ಗುಂಡು ದೀಪಗಳು ಹೋಗಿ ಉದ್ದನೆಯ ದೀಪಗಳಾದವು, ಪಕ್ಕದಲ್ಲಿ ದೀಪದ ಬದಲು ಆಯತಾಕಾರದ ರಿಫ್ಲೆಕ್ಟರ್. 1970ಕ್ಕೆ ಗ್ರಿಲ್ ಮತ್ತೆ ಅಖಂಡವಾಯಿತು. ಅದರ ಸುತ್ತ ಕ್ರೋಮ್ ಬಂಪರ್ ಬಳೆಯಾಗಿ ಸುತ್ತಿಕೊಂಡಿತು. ಪಕ್ಕದಲ್ಲಿ ಆಯತಾಕಾರದ ದೀಪ ಬಂತು, ಆರ್/ಟಿ ಎಂಬ ವೇಗದ ಮಾದರಿಯ ಬಾಗಿಲಿನ ಮೇಲೆ ಒಂದು ಹುಸಿ ಗಾಳಿಗೂಡು ಕೂತಿತು. ಸೌಂದರ್ಯದ ವಿಷಯದಲ್ಲಿ ನನ್ನ ಮತ 1968ರ ಹಿಂಬದಿಗೆ. ಆ ನಾಲ್ಕು ಗುಂಡು ದೀಪ ಹೊತ್ತಿಕೊಂಡು ಇಳಿಸಂಜೆಯಲ್ಲಿ ಹೋಗುವ ಚಾರ್ಜರನ್ನು ಹಿಂದಿನಿಂದ ನೋಡಬೇಕು. ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿದ ಕನ್ನಡಿಗರಿಗೆ ಆ ಭಾಗ್ಯ ಸುಲಭ. ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆಯುವಾಗ ರಸ್ತೆಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಸಾಕು.

ಈಗ ಬೋಲ್ಟು ಮತ್ತು ವೆಲ್ಡಿಂಗ್ ವಿಷಯ. ಚಾರ್ಜರ್‌ನದು ಯೂನಿಬಾಡಿ. ಲಾರಿಗಿರುವಂತೆ ಕೆಳಗೆ ಬೇರೆಯಾದ ಚಾಸಿ ಇಲ್ಲ. ನೆಲ, ಕಂಬ, ಛಾವಣಿ, ಹಿಂದಿನ ಚಕ್ರದ ಸುತ್ತಲಿನ ಕ್ವಾರ್ಟರ್ ಪ್ಯಾನೆಲ್, ಮುಂದಿನ ಚಕ್ರದ ಒಳಗಿನ ಗೋಡೆ, ರೇಡಿಯೇಟರ್ ನಿಲ್ಲುವ ಚೌಕಟ್ಟು ಎಲ್ಲವನ್ನೂ ವೆಲ್ಡ್ ಮಾಡಿ ಒಂದೇ ಡಬ್ಬಿಯಾಗಿ ಕಟ್ಟಿದ್ದಾರೆ. ಕಾರಿನ ಬಲವೆಲ್ಲ ಆ ಡಬ್ಬಿಯಲ್ಲಿದೆ. ಮುಂದಿನ ಹೊರ ಫೆಂಡರ್‌ಗಳು, ಬಾನೆಟ್, ಬಾಗಿಲುಗಳು, ಡಿಕ್ಕಿಯ ಮುಚ್ಚಳ, ಬಂಪರ್‌ಗಳು, ಗ್ರಿಲ್ ಇವೆಲ್ಲ ಅದಕ್ಕೆ ಬೋಲ್ಟಿನಲ್ಲಿ ತಗುಲಿಕೊಂಡ ಹೊದಿಕೆ. ಸ್ಪ್ಯಾನರ್ ಇದ್ದರೆ ಬಿಚ್ಚಬಹುದು, ಬೇಡವೆನಿಸಿದರೆ ವಾಪಸು ಹಾಕಬಹುದು. (ಊರಿನಿಂದ ತಂದ ಮಿಲಿಮೀಟರ್ ಸ್ಪ್ಯಾನರ್‌ಗಳನ್ನು ಪಕ್ಕಕ್ಕಿಡಿ. ಇಲ್ಲಿ ಎಲ್ಲ ಇಂಚಿನ ಲೆಕ್ಕ. ಹತ್ತಿರದ ಅಳತೆಯದನ್ನು ಸಿಕ್ಕಿಸಿ ತಿರುಗಿಸಿದರೆ ಬೋಲ್ಟಿನ ಮೂಲೆಗಳು ಸವೆದು, ಆಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.) ಹೊಸಬರು ಬೋಲ್ಟಿನ ಭಾಗಗಳಿಂದಲೇ ಶುರು ಮಾಡಲಿ ಎನ್ನುವುದು ನನ್ನ ಒತ್ತಾಯ. ಅಲ್ಲಿ ತಪ್ಪಿದರೆ ತಿದ್ದಿಕೊಳ್ಳಬಹುದು.

ಈ ಮೂರು ವರ್ಷಗಳಲ್ಲಿ ಬಾಗಿಲಿನ ಮೂಲ ತಗಡು, ಡಿಕ್ಕಿಯ ಮುಚ್ಚಳ ಒಂದರಿಂದ ಒಂದಕ್ಕೆ ಹೋಗುತ್ತವೆ. ಒಳಗಿನ ಹಿಡಿಕೆ, ಕೈಯಾಸರೆ, ಕನ್ನಡಿಯ ತೂತು ಇವು ಬೇರೆ ಇರಬಹುದು, ಅದಕ್ಕೆ ನಿಮ್ಮ ಹಳೆಯ ಬಾಗಿಲಿನ ಸಾಮಾನನ್ನೆಲ್ಲ ಎತ್ತಿಡಿ. ಫೆಂಡರ್ ವಿಷಯಕ್ಕೆ ಬಂದರೆ ತುಸು ನಿಲ್ಲಬೇಕು. ಹೊಸಬರು ಎಡವುವುದು ಇಲ್ಲೇ.

1968ರ ಫೆಂಡರನ್ನು 1969ರ ಕಾರಿಗೆ ಹಾಕುತ್ತೀರೆಂದು ಇಟ್ಟುಕೊಳ್ಳೋಣ. ಬೋಲ್ಟುಗಳೆಲ್ಲ ಸರಿಯಾಗಿ ಕೂತವು. ಮುಂದಿನ ಚಕ್ರಕ್ಕಿಂತ ಮುಂದೆ, ಪಕ್ಕದಲ್ಲಿ, ಒಂದು ಗುಂಡು ತೂತು ನಿಮ್ಮನ್ನೇ ನೋಡುತ್ತಿರುತ್ತದೆ. ಅದು 1968ರ ದೀಪದ ಜಾಗ. 1969ಕ್ಕೆ ಅಲ್ಲಿ ಬರಬೇಕಾದದ್ದು ಮೇಲಿಂದ ಕೂರುವ ರಿಫ್ಲೆಕ್ಟರ್. ‘ಇರಲಿ, ಗುಂಡು ದೀಪವನ್ನೇ ಹಾಕುತ್ತೇನೆ’ ಎನ್ನುತ್ತೀರಾ? ದೀಪ ಹಾಕಬಹುದು, ಆದರೆ ನಿಮ್ಮ 1969ರ ಕಾರಿನಲ್ಲಿ ಅಲ್ಲಿಗೆ ತಂತಿಯೇ ಬಂದಿಲ್ಲ. ಉರಿಯದ ರಿಫ್ಲೆಕ್ಟರ್‌ಗೆ ತಂತಿ ಯಾಕೆ ಬೇಕಿತ್ತು? ಎಡ ಫೆಂಡರ್ 1968ರದು, ಬಲ ಫೆಂಡರ್ 1969ರದು ಆದರೆ ಇನ್ನೂ ವಿಚಿತ್ರ: ಒಂದು ಪಕ್ಕ ಗುಂಡಗೆ, ಇನ್ನೊಂದು ಪಕ್ಕ ಆಯತ. ಸರಿಯಾದ ದಾರಿ ಎಂದರೆ ಆ ತೂತಿನ ಅಳತೆಗೆ ತಗಡು ಕತ್ತರಿಸಿ, ಅಂಚಿಗೆ ಅಂಚು ಸೇರಿಸಿ, ಒಂದೊಂದೇ ಚುಕ್ಕಿ ವೆಲ್ಡ್ ಇಟ್ಟು, ತಣ್ಣಗಾಗಲು ಬಿಟ್ಟು, ಮತ್ತೊಂದು ಚುಕ್ಕಿ ಎದುರು ಬದಿಯಲ್ಲಿಟ್ಟು ಮುಗಿಸುವುದು. ಒಂದೇ ಸಮನೆ ವೆಲ್ಡಿಂಗ್ ಎಳೆದರೆ ಕಾವಿಗೆ ಆ ತೆಳು ತಗಡು ಡೊಂಕಾಗಿ ಉಬ್ಬುತ್ತದೆ, ಮತ್ತೆ ನೇರ ಮಾಡಲು ಟಿಂಕರಿಂಗ್‌ನಲ್ಲಿ ಪಳಗಿದವರೇ ಬೇಕು. ಹಿಂದಿನಿಂದ ಒಂದು ತುಂಡು ಅಂಟಿಸಿ ಮೇಲೆ ಪುಟ್ಟಿ ಮೆತ್ತುವ ಅಡ್ಡದಾರಿಯೂ ಇದೆ. ಒಂದೆರಡು ಮಳೆಗಾಲಕ್ಕೆ ಅಲ್ಲಿ ನೀರು ನಿಂತು ಬಣ್ಣದಡಿಯಿಂದ ತುಕ್ಕು ಏಳುತ್ತದೆ. ನೋಡಿ, ಒಂದು ಚಿಕ್ಕ ತೂತು ಎಷ್ಟು ಕೆಲಸ ತಂದಿತು! ಆ ಕೆಲಸದ ಕೂಲಿಯನ್ನೂ ಫೆಂಡರ್ ಬೆಲೆಗೆ ಕೂಡಿಸಿಯೇ ಅಗ್ಗವೋ ದುಬಾರಿಯೋ ಎಂದು ತೀರ್ಮಾನಿಸಬೇಕು.

1970ರ ಮುಂಭಾಗವನ್ನು ಬಿಡಿಬಿಡಿಯಾಗಿ ನೋಡಲೇಬೇಡಿ. ಆ ಬಳೆ ಬಂಪರ್, ಗ್ರಿಲ್, ಬಾನೆಟ್ಟಿನ ತುದಿಯ ಹೊಳೆಯುವ ಪಟ್ಟಿ, ಬಂಪರ್ ಹಿಡಿಯುವ ಬ್ರಾಕೆಟ್‌ಗಳು ಒಂದೇ ಕುಟುಂಬ. ಬಂಪರ್ ಚೆನ್ನಾಗಿದೆಯೆಂದು ಅದೊಂದನ್ನೇ ಕೊಂಡು ತಂದರೆ 1969ರ ಗ್ರಿಲ್‌ನ ಜೊತೆ ಅದು ಸಂಸಾರ ಮಾಡುವುದಿಲ್ಲ. ತರುವುದಾದರೆ ಒಂದೇ ಕಾರಿನಿಂದ ಎಲ್ಲವನ್ನೂ, ನಟ್ಟು ಬೋಲ್ಟು ಸಮೇತ ತನ್ನಿ. ಕಾರಿನ ಒಳಗೂ ಹೀಗೆಯೇ. 1968–69ರಲ್ಲಿ ಕೀಲಿ ತಿರುಗಿಸುವುದು ಡ್ಯಾಶ್‌ಬೋರ್ಡಿನಲ್ಲಿ. 1970ಕ್ಕೆ ಆ ಬೀಗದ ನಿಯಮದಿಂದಾಗಿ ಅದು ಸ್ಟೀರಿಂಗ್ ಕಂಬಕ್ಕೆ ಹೋಯಿತು. ಆದ್ದರಿಂದ ಡ್ಯಾಶ್‌ಬೋರ್ಡ್ ಬದಲಿಸಲು ಹೊರಟರೆ ಸ್ಟೀರಿಂಗ್ ಕಂಬ, ವೈರಿಂಗ್ ಎರಡೂ ಬೆನ್ನಿಗೆ ಬೀಳುತ್ತವೆ.

ಈ ಅದಲುಬದಲು ಮನೆಯ ಗ್ಯಾರೇಜಿನವರ ಚಪಲವೆಂದು ಕೆಲವರು ಮೂಗು ಮುರಿಯುತ್ತಾರೆ. ಅವರಿಗೆ ಕಂಪನಿಯದೇ ಉದಾಹರಣೆ ಕೊಡಬಹುದು. 1968ರ ಚಾರ್ಜರ್ ನೋಡಲು ಎಷ್ಟು ಚಂದವೋ ನ್ಯಾಸ್ಕಾರ್ ಕಾರು ಓಟದಲ್ಲಿ ಅಷ್ಟೇ ಕಷ್ಟದ್ದು. ಒಳಸರಿದ ಗ್ರಿಲ್ ಗಾಳಿಯನ್ನು ಬೊಗಸೆಯೊಡ್ಡಿ ಹಿಡಿಯುತ್ತಿತ್ತು; ಒಳಸರಿದ ಹಿಂಗಾಜಿನ ಮೇಲೆ ಗಾಳಿ ಸುಳಿದು ಕಾರಿನ ಹಿಂಭಾಗವನ್ನು ಎತ್ತುತ್ತಿತ್ತು. ಡಾಡ್ಜ್‌ನವರು ಏನು ಮಾಡಿದರು? 1969ರ ಚಾರ್ಜರ್ 500 ಎಂಬ ಮಾದರಿಗೆ ತಮ್ಮದೇ 1968ರ ಕೊರೊನೆಟ್ ಕಾರಿನ ಗ್ರಿಲ್ ತಂದು ಮುಖದ ಮಟ್ಟಕ್ಕೆ ಸಮನಾಗಿ ಕೂರಿಸಿದರು, ಹಿಂಗಾಜನ್ನೂ ಹೊರತಂದು ಛಾವಣಿಯ ಇಳಿಜಾರಿಗೆ ಸಮ ಮಾಡಿದರು. ಅದೂ ಸಾಲದೆನಿಸಿದಾಗ ಬಂತು ಚಾರ್ಜರ್ ಡೇಟೋನಾ: ಮುಂದೆ ಚೂಪು ಮೂತಿ, ಹಿಂದೆ 23 ಇಂಚು ಎತ್ತರದ ರೆಕ್ಕೆ. ಆ 1969ರ ಕಾರಿನ ಫೆಂಡರ್ ಮತ್ತು ಬಾನೆಟ್ ಇನ್ನೂ ಮಾರುಕಟ್ಟೆಗೇ ಬಾರದ 1970ರ ಚಾರ್ಜರ್‌ನ ಮಾದರಿಯವು. 1970ರ ಮಾರ್ಚ್ 24ರಂದು ಟ್ಯಾಲಡೇಗಾದ ಟ್ರ್ಯಾಕ್‌ನಲ್ಲಿ ರೇಸ್ ಚಾಲಕ ಬಡ್ಡಿ ಬೇಕರ್ ಗಂಟೆಗೆ 200 ಮೈಲಿಯ ಗಡಿ ದಾಟಿದ್ದು ಡೇಟೋನಾದಲ್ಲೇ. ಕ್ರೈಸ್ಲರ್‌ನದೇ ಇನ್ನೊಂದು ವಿಭಾಗವಾದ ಪ್ಲಿಮತ್‌ನವರು ಅದೇ ಬಗೆಯ ಸೂಪರ್‌ಬರ್ಡ್ ಮಾಡಲು ಹೊರಟಾಗ ತಮ್ಮ ರೋಡ್ ರನ್ನರ್ ಕಾರಿನ ಫೆಂಡರ್‌ಗೆ ಮೂತಿ ಹೊಂದಲಿಲ್ಲ. 1970ರ ಡಾಡ್ಜ್ ಕೊರೊನೆಟ್‌ನ ಫೆಂಡರ್, ಬಾನೆಟ್ ತೆಗೆದುಕೊಂಡರು. ಇಂದು ಲಕ್ಷಾಂತರ ಡಾಲರ್ ಬಾಳುವ ಈ ಕಾರುಗಳು ಹುಟ್ಟಿದ್ದೇ ಬೇರೆ ಬೇರೆ ವರ್ಷದ, ಬೇರೆ ಬೇರೆ ಕಾರಿನ ತಗಡು ಕೂಡಿ.

ಮತ್ತೊಂದು ಉದಾಹರಣೆ ನನಗೆ ಅಷ್ಟು ಸಂತೋಷ ಕೊಡುವುದಿಲ್ಲ. 1979ರಿಂದ 1985ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ ‘ದಿ ಡ್ಯೂಕ್ಸ್ ಆಫ್ ಹ್ಯಾಝರ್ಡ್’ ಧಾರಾವಾಹಿಯಲ್ಲಿ ಕಿತ್ತಳೆ ಬಣ್ಣದ 1969ರ ಚಾರ್ಜರ್ ವಾರವಾರವೂ ಹಳ್ಳ ಹಾರುತ್ತಿತ್ತು. ಹಾರಿ ಬಿದ್ದ ಕಾರು ಮತ್ತೆ ಕೆಲಸಕ್ಕೆ ಬರುತ್ತಿರಲಿಲ್ಲ. ಧಾರಾವಾಹಿ ಮುಗಿಯುವಷ್ಟರಲ್ಲಿ ಅಂದಾಜು 300ಕ್ಕೂ ಹೆಚ್ಚು ಚಾರ್ಜರ್‌ಗಳು ಬಳಕೆಯಾದವು ಎನ್ನುತ್ತಾರೆ. ಅಷ್ಟು 1969ರ ಕಾರುಗಳು ಎಲ್ಲಿಂದ ಬರಬೇಕು? 1968ರದನ್ನು ತಂದು ಗ್ರಿಲ್, ಹಿಂದಿನ ದೀಪದ ತಗಡು, ಪಕ್ಕದ ದೀಪ ಬದಲಿಸಿದರು. 1970ರದನ್ನು ತಂದು ಬಂಪರ್, ಗ್ರಿಲ್, ಬಾನೆಟ್ಟಿನ ಪಟ್ಟಿ ತೆಗೆದು, ಎತ್ತರದ ಸೀಟುಗಳನ್ನೂ ಬದಲಿಸಿದರು. ಪರದೆಯ ಮೇಲೆ ಹೆಚ್ಚಿನವರಿಗೆ ವ್ಯತ್ಯಾಸ ತಿಳಿಯಲಿಲ್ಲ. ಕೊನೆಗೆ ಕಾರುಗಳೇ ಸಿಗದೆ ಆಟಿಕೆ ಮಾದರಿಗಳನ್ನು ಹಾರಿಸಿದರು. ಪಾಠ ಕಲಿಯಲು ಇದು ಸೊಗಸಾದ ಉದಾಹರಣೆ. ಆದರೆ ಅಷ್ಟು ಕಾರುಗಳ ನಾಶವನ್ನು ನೆನೆದರೆ ನನಗೆ ಕರುಳು ಚುರುಕ್ಕೆನ್ನುತ್ತದೆ.

ಇನ್ನು ಕೈಕೆಲಸ. ಬೇರೆ ವರ್ಷದ ಫೆಂಡರ್, ಬಾಗಿಲು ಎಲ್ಲ ತಂದಿದ್ದೀರಿ. ಯಾವುದನ್ನು ಮೊದಲು ಕೂರಿಸಬೇಕು? ಮೂಲೆಗಲ್ಲು ಇಟ್ಟು ಅಲ್ಲಿಂದ ಗೋಡೆಯ ಅಳತೆ ಹಿಡಿಯುವ ಹಾಗೆ, ಅಲುಗಾಡದ ಭಾಗದಿಂದ ಆರಂಭಿಸಬೇಕು. ಅಲುಗಾಡದ್ದು ವೆಲ್ಡ್ ಆದ ಕ್ವಾರ್ಟರ್ ಪ್ಯಾನೆಲ್. ಆದ್ದರಿಂದ ಮೊದಲು ಬಾಗಿಲನ್ನು ಅದಕ್ಕೆ ಹೊಂದಿಸಿ. ಬಾಗಿಲ ತುದಿಯನ್ನು ಹಿಡಿದು ಮೇಲೆತ್ತಿ ನೋಡಿ. ಕಟಕಟ ಎಂದು ಆಡಿದರೆ ತಿರುಗಣೆ ಸವೆದಿದೆ, ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ. ಕಂಬದ ಮೇಲೆ ಬಾಗಿಲಿನ ಬೀಗ ಸಿಕ್ಕಿಕೊಳ್ಳುವ ಕೊಂಡಿಯನ್ನು ಬಿಚ್ಚಿಡಿ, ಇಲ್ಲದಿದ್ದರೆ ಅದು ಬಾಗಿಲನ್ನು ಎತ್ತಿ ಹಿಡಿದು ನಿಮ್ಮನ್ನು ಮೋಸಗೊಳಿಸುತ್ತದೆ. ಬಾಗಿಲು ಮುಚ್ಚಿದಾಗ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು. ನಾಲ್ಕೈದು ಮಿಲಿಮೀಟರ್ ಇದ್ದರೆ ಚೆನ್ನ. ಆಮೇಲೆ ಬಾಗಿಲಿಗೆ ಫೆಂಡರ್, ಫೆಂಡರ್‌ಗೆ ಬಾನೆಟ್, ಕಡೆಗೆ ಗ್ರಿಲ್ ಮತ್ತು ಬಂಪರ್. ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲಷ್ಟೇ ತಿರುಗಿಸಿ ಬಿಡಿ. ಫೆಂಡರ್ ಕೆಳಗೆ ಸಿಗುವ ತೆಳು ತಗಡಿನ ಬಿಲ್ಲೆಗಳನ್ನು ಕಸವೆಂದು ಎಸೆಯಬೇಡಿ. ಒಂದು ಬಿಲ್ಲೆ ಸೇರಿಸಿದರೆ ಫೆಂಡರ್ ಕೂದಲೆಳೆಯಷ್ಟು ಏಳುತ್ತದೆ, ತೆಗೆದರೆ ಇಳಿಯುತ್ತದೆ. ಅದೇ ವರ್ಷದ ಮೂಲ ಭಾಗಕ್ಕೂ ಈ ತಾಳ್ಮೆ ಬೇಕು. ಈಗ ಹೊಸದಾಗಿ ಅಚ್ಚೊತ್ತಿ ಮಾರುವ ತಗಡುಗಳಿಗಂತೂ ಇನ್ನೂ ಹೆಚ್ಚು ಬೇಕು. ಬಣ್ಣ ಹೊಡೆಯುವ ಮುಂಚೆ ಇಡೀ ಕಾರನ್ನು ಒಮ್ಮೆ ಹೀಗೆ ಜೋಡಿಸಿ ನೋಡಲೇಬೇಕು.

ವೆಲ್ಡ್ ಆದ ಭಾಗಗಳ ಮಾತು ಬೇರೆ. ಹಿಂದಿನ ದೀಪದ ತಗಡು 1968ಕ್ಕೆ ಒಂದು ಥರ, 1969–70ಕ್ಕೆ ಇನ್ನೊಂದು. ಬದಲಿಸಬೇಕಾದರೆ ಬಣ್ಣ ಉಜ್ಜಿ, ಒಂದೊಂದು ಸ್ಪಾಟ್ ವೆಲ್ಡಿನ ಗುಂಡು ಗುರುತನ್ನು ಹುಡುಕಿ, ಮೇಲಿನ ಪದರ ಮಾತ್ರ ತೂತಾಗುವಂತೆ ಡ್ರಿಲ್ ಹಿಡಿಯಬೇಕು. ಕೆಳಗಿನ ಪದರಕ್ಕೂ ಇಳಿಸಿದಿರೋ, ಹೊಸದನ್ನು ಕೂರಿಸುವ ಜಾಗವೇ ಹಾಳು. ತೆಗೆಯುವ ಮೊದಲು ಡಿಕ್ಕಿಯ ಬಾಯಿಯನ್ನು ಮೂಲೆಯಿಂದ ಮೂಲೆಗೆ ಅಳೆದು ಬರೆದಿಟ್ಟುಕೊಳ್ಳಬೇಕು. ತುಕ್ಕು ತಿಂದು ಹೋದ ತಗಡಾದರೆ ಈ ಕೆಲಸ ಮಾಡಲೇಬೇಕು, ಮಾಡಿ. ಈ ಕಾರಿನಲ್ಲಿ ಹಿಂಗಾಜಿನ ಕೆಳಗಿನ ಅಂಚಿನಲ್ಲಿ ನೀರು ನಿಂತು ಡಿಕ್ಕಿಯ ನೆಲದವರೆಗೂ ಕೊಳೆಸುವುದು ಸಾಮಾನ್ಯ. ಆದರೆ ಗಟ್ಟಿಯಾಗಿರುವ 1968ರ ಹಿಂಬದಿಯನ್ನು, 1969ರ ಥರ ಕಾಣಲಿ ಎಂಬ ಆಸೆಗೆ ಕತ್ತರಿಸುವುದನ್ನು ನಾನು ಒಪ್ಪುವುದಿಲ್ಲ. ಕಾರ್ಖಾನೆಯ ವೆಲ್ಡನ್ನು ಒಮ್ಮೆ ಕಿತ್ತರೆ ಮತ್ತೆ ಬರುವುದಿಲ್ಲ. ಮುಖ ಬದಲಿಸಿ, ಬೇಡವಾದಾಗ ವಾಪಸು ಹಾಕಿ. ಮೂಳೆಗೆ ಕೈ ಹಾಕಬೇಡಿ.

ಹಾಗೆಯೇ, ಗ್ರಿಲ್ ಬದಲಾದ ಮಾತ್ರಕ್ಕೆ ಕಾರಿನ ಹುಟ್ಟು ಬದಲಾಗುವುದಿಲ್ಲ. ಮುಂದಿನ ಗಾಜಿನ ಮೂಲಕ ಡ್ಯಾಶ್‌ಬೋರ್ಡಿನ ಮೇಲೆ ಕಾಣುವ ವಾಹನ ಸಂಖ್ಯೆಯ ಪಟ್ಟಿಯನ್ನು ಓದಲು ಕಲಿಯಿರಿ. 1968–69ರ ಕಾರಿನಲ್ಲಿ ಅದು ಎಕ್ಸ್‌ಪಿ29 ಎಂದು ಶುರುವಾದರೆ ಮಾಮೂಲಿ ಚಾರ್ಜರ್, ಎಕ್ಸ್‌ಎಸ್29 ಎಂದಿದ್ದರೆ ಆರ್/ಟಿ. ಐದನೆಯದು ಎಂಜಿನ್ ಸಂಕೇತ. ಆರನೆಯ ಅಂಕಿ ವರ್ಷ: 8, 9 ಅಥವಾ 0. ಮುಂದೆ 1969ರ ಗ್ರಿಲ್ ಇದ್ದು ಆರನೆಯ ಅಂಕಿ 8 ಇದ್ದರೆ ನೀವು ನೋಡುತ್ತಿರುವುದು 1968ರ ಕಾರು. ಎಂಜಿನ್ ಕೋಣೆಯಲ್ಲಿ ಚಾಲಕನ ಬದಿಯ ಒಳಗೋಡೆಗೆ ಬಿಗಿದ ಸಣ್ಣ ಲೋಹದ ಚೀಟಿಯಲ್ಲಿ ಮೂಲ ಬಣ್ಣ ಮತ್ತು ಸಾಮಾನುಗಳ ಸಂಕೇತಗಳಿರುತ್ತವೆ. ಎರಡೂ ಒಂದೇ ಕಥೆ ಹೇಳುತ್ತವೆಯೇ ನೋಡಿ. ಭಾಗ ಬದಲಿಸಿದ್ದನ್ನು ಮುಚ್ಚಿಡದೆ ಹೇಳಿ ಮಾರುವುದರಲ್ಲಿ ಯಾವ ತಪ್ಪೂ ಇಲ್ಲ. ಸಂಖ್ಯೆಯ ಪಟ್ಟಿಯನ್ನೇ ತಿದ್ದಿ ಮೋಸ ಮಾಡುವುದು ಅಮೆರಿಕದಲ್ಲಿ ಫೆಡರಲ್ ಅಪರಾಧ. ನೀವು ಏನೇ ಬದಲಿಸಿದರೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ಬಿಚ್ಚಿದ ಭಾಗಗಳ ಜೊತೆ ಮುಂದಿನ ಒಡೆಯರ ಕೈಗೆ ಕೊಡಿ.

ಭಾಗ ಕೊಳ್ಳಲು ಹೋಗುವ ಮುನ್ನ ಹಾಲಾಂಡರ್ ಕೈಪಿಡಿಯನ್ನು ನೋಡಿ. ಅಮೆರಿಕದ ಗುಜರಿಯವರು ದಶಕಗಳಿಂದ ಬಳಸುವ ಈ ಪುಸ್ತಕದಲ್ಲಿ ಒಂದರ ಬದಲು ಒಂದು ಹೊಂದುವ ಭಾಗಗಳಿಗೆ ಒಂದೇ ಸಂಖ್ಯೆ ಕೊಟ್ಟಿರುತ್ತಾರೆ. ಎರಡು ವರ್ಷಕ್ಕೂ ಒಂದೇ ಸಂಖ್ಯೆ ಇದ್ದರೆ ಧೈರ್ಯವಾಗಿ ಕೈಹಾಕಬಹುದು. ಆಮೇಲೆ ಜುಲೈನಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ನಡೆಯುವ ಕ್ರೈಸ್ಲರ್ ಕಾರುಗಳ ಮೇಳಕ್ಕೆ ಹೋಗಿ. ಹುಲ್ಲಿನ ಮೇಲೆ ಸಾಲಾಗಿ ಹರಡಿದ ಹಳೆಯ ತಗಡಿನ ನಡುವೆ ಓಡಾಡುವಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ, ಅಳತೆಪಟ್ಟಿ, ಟಾರ್ಚು ಇರಲಿ. ಅಯಸ್ಕಾಂತ ಎಲ್ಲಿ ಹಿಡಿಯದೋ ಅಲ್ಲಿ ಪುಟ್ಟಿ ಮೆತ್ತಿದೆ. ಫೆಂಡರನ್ನು ಮಗುಚಿ ಹಾಕಿ, ಪಕ್ಕದ ದೀಪದ ಜಾಗದ ಹಿಂಬದಿಗೆ ಟಾರ್ಚು ಬಿಡಿ. ಅಲ್ಲಿ ಗುಂಡಗೆ ವೆಲ್ಡಿನ ಉಂಗುರ ಕಂಡರೆ ಅದು ಮೊದಲು 1968ರ ಫೆಂಡರ್ ಆಗಿತ್ತು. ಕೆಲಸ ಅಚ್ಚುಕಟ್ಟಾಗಿದ್ದರೆ ಕೊಳ್ಳಿ. ಆದರೆ 1969ರ ಮೂಲ ಫೆಂಡರಿನ ಬೆಲೆ ಕೊಡಬೇಡಿ. ಬಿಲ್ಲೆ, ಬ್ರಾಕೆಟ್, ಬೋಲ್ಟುಗಳನ್ನು ಮಾರುವವರ ಡಬ್ಬಿಯಿಂದಲೇ ಕೇಳಿ ಪಡೆಯಿರಿ.